ಮಾವನ ಕುರ್ಚಿಯ ತೂತು

ದೊಡ್ಡಕ್ಕ ನಮ್ಮ ಮನೆಗೆ ಬಂದಳೆಂದರೆ ಮೊದಲು ಅವಳ ಮೂಗು ಒಳಗೆ ಬರುತ್ತದೆ, ಆಮೇಲೆ ಅವಳು. ದೊಡ್ಡಕ್ಕ ಅಂದರೆ ನನ್ನ ಗಂಡನ ಅಕ್ಕ. ಎದುರಿಗೆ ಬಹುವಚನ, ಮನಸ್ಸಿನಲ್ಲಿ ಏಕವಚನ. ಹೊಂದಿಕೊಂಡು ಹೋಗುವುದು ಅಂದರೆ ನನ್ನ ಮಟ್ಟಿಗೆ ಇಷ್ಟೇ.

ಅವತ್ತು ಹೇಳದೆ ಕೇಳದೆ ಬಂದಳು. ಮನೆ ಮುಂದೆ ಒಂದು ಟೆಂಪೊ ಬೇರೆ. ಚಪ್ಪಲಿ ಬಿಡುವ ಮೊದಲೇ, "ಅಪ್ಪನ ಕುರ್ಚಿ ತಗೊಂಡು ಹೋಗೋಕೆ ಬಂದೆ" ಅಂದಳು.

ಮಾವನದು ಅಗಲವಾದ ಕೈಗಳ ಬೆತ್ತದ ಕುರ್ಚಿ. ಬದುಕಿರುವವರೆಗೆ ಅವರು ಅದರಲ್ಲಿ ಕೂತೇ ಪೇಪರ್ ಓದಿದರು, ಕೂತೇ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು ತಲೆ ಬಾಚಿದರು, ಕೂತೇ ಗೊರಕೆ ಹೊಡೆದರು. ಕೊನೆಗೆ ಬೆತ್ತ ನಡುವೆ ಹರಿದು ತೂತಾಯಿತು. ಅವರು ಹೋದಮೇಲೆ ದೊಡ್ಡಕ್ಕ, "ಅದು ನನಗೆ. ಹೊಸ ಬೆತ್ತ ಹೆಣೆಸಿ ತಗೊಂಡು ಹೋಗ್ತೀನಿ" ಎಂದು ಅತ್ತು ಕರೆದು ಹೇಳಿದ್ದಳು. ಇವತ್ತು ನಾಳೆ ಅನ್ನುತ್ತಾ ವರ್ಷಗಳೇ ಉರುಳಿದವು. ಕುರ್ಚಿ ಅಟ್ಟದ ಮೇಲೆ ಧೂಳು ತಿನ್ನುತ್ತಾ ಬಿದ್ದಿತ್ತು.

ಈ ನಡುವೆ ಅತ್ತೆಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ತನ್ನ ಒಳಬಟ್ಟೆ ಯಾರ ಕಣ್ಣಿಗೂ ಬೀಳಬಾರದೆಂದು ಟವೆಲ್ಲಿನ ಅಡಿ ಒಣಗಿಸುತ್ತಿದ್ದ ಹೆಂಗಸು ಅವರು. ಅಂಥವರಿಗೆ ನಾನು ಬೆಡ್‌ಪ್ಯಾನ್ ಹಿಡಿಯಬೇಕಾಯಿತು. ಹಿಡಿದಾಗಲೆಲ್ಲ ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು. ಬರಬರುತ್ತಾ ನೀರು ಕುಡಿಯುವುದನ್ನೇ ಬಿಟ್ಟರು. ಕುಡಿದರೆ ತಾನೇ ಹೋಗಬೇಕು! ತುಟಿ ಒಡೆದು ರಕ್ತ ಬಂದರೂ ಲೋಟ ಮುಟ್ಟಲಿಲ್ಲ. ನನಗೆ ಅವರ ಮೇಲೆ ಕೆಟ್ಟ ಕೋಪ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ನಾನು ಬ್ಯಾಗ್ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುವವಳು. ಒಂದು ಭಾನುವಾರ ಕುರ್ಚಿಯನ್ನು ಕೆಳಗಿಳಿಸಿದೆ. ಹರಿದ ಬೆತ್ತವನ್ನು ದುಂಡಗೆ ಕತ್ತರಿಸಿ, ಅಂಚು ಚುಚ್ಚದ ಹಾಗೆ ಸ್ಪಂಜು ಇಟ್ಟು ಸುತ್ತ ಕೆಂಪು ರೆಕ್ಸಿನ್ ಹೊಲಿದೆ. ಕೆಳಗೊಂದು ಬಕೆಟ್. ಅತ್ತೆ ಮಂಚದಿಂದ ನೇರ ಜಾರಿಕೊಂಡು ಬರಲೆಂದು ಕುರ್ಚಿಯ ಒಂದು ಕೈಯನ್ನು ಗರಗಸದಿಂದ ಕೊಯ್ದೆ. "ಇದಕ್ಕೂ ನನ್ನ ಹಾಗೆ ಒಂದೇ ಕೈ" ಎಂದು ಅತ್ತೆ ನಕ್ಕರು. ಅತ್ತೆಯ ಕೋಣೆಯ ಬಾಗಿಲು ಆಚೆಗೆ ತೆರೆಯುತ್ತದೆ. ಅದರ ಹಿಡಿಕೆಗೊಂದು ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಕುರ್ಚಿಯ ಉಳಿದ ಕೈಗೆ ಕಟ್ಟಿದೆ. ಕೂತಲ್ಲಿಂದ ಎಳೆದರೆ ಬಾಗಿಲು ಮುಚ್ಚುತ್ತದೆ. ಮೊದಲ ದಿನ ಬಾಗಿಲು ಮುಚ್ಚಿಕೊಂಡು ಕೂತೆದ್ದ ಅತ್ತೆ, ತಾವಾಗಿಯೇ ನೀರು ಕೇಳಿ ಎರಡು ಲೋಟ ಕುಡಿದರು.

ಈಗ ದೊಡ್ಡಕ್ಕ ಆ ಕುರ್ಚಿಯ ಮುಂದೆ ನಿಂತಿದ್ದಳು. ಅತ್ತೆ ಮಂಚದ ಮೇಲಿಂದ ನೋಡುತ್ತಿದ್ದರು.

"ಅಪ್ಪ ಕೂತ ಜಾಗಕ್ಕೆ ತೂತು ಕೊರೆದಿದ್ದೀಯಲ್ಲೇ!"

"ತೂತು ನಾನು ಕೊರೆದದ್ದಲ್ಲ, ನಿಮ್ಮಪ್ಪ ಕೂತು ಕೂತು ಬಿದ್ದದ್ದು. ನಾನು ಅಂಚು ಹೊಲಿದೆ, ಅಷ್ಟೆ."

"ಇನ್ನೊಂದು ಕೈ ಎಲ್ಲಿ?"

"ಗುಜರಿಗೆ ಹಾಕಿದೆ."

ಸುಳ್ಳು. ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೆ. ಆದರೆ ನಿಜ ಹೇಳಿದರೆ ಅವಳಿಗೆ ಉರಿಯುವುದು ಹೇಗೆ?

ಆಗ ಅವಳಿಗೆ ಹಗ್ಗ ಕಂಡಿತು. "ಇದ್ಯಾಕೆ? ಅಮ್ಮನ್ನ ಕಟ್ಟಿಹಾಕ್ತೀಯಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಮಾತು ಬಿಡಿಸಿ ಹೇಳಿದ್ದರೆ ಮುಗಿಯುತ್ತಿತ್ತು. ಅವಳಿಗೆ ನಾನ್ಯಾಕೆ ಹೇಳಲಿ? "ಹೂಂ, ದಿನಾ ಕಟ್ಟಿಹಾಕ್ತೀನಿ" ಅಂದೆ.

ದೊಡ್ಡಕ್ಕ ಹಲ್ಲು ಕಚ್ಚಿ ಕುರ್ಚಿ ಕಡೆಯ ಗಂಟು ಬಿಚ್ಚಿದಳು. ಬಕೆಟನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಕುರ್ಚಿಯನ್ನು ದರದರ ಎಳೆದು ಹಾಲ್‌ಗೆ ತಂದಳು. "ಅಮ್ಮಂಗೆ ಹೊಸದು ತಂದ್ಕೊಡ್ತೀನಿ."

"ಬೆತ್ತ ಹೆಣೆಸಿದ್ರಲ್ಲ, ಹಾಗೇನಾ?"

ಒಳಗಿನಿಂದ ಅತ್ತೆಯ ತೊದಲು ಮಾತು ಕೇಳಿಸಿತು. "ನನಗೆ ಹೋಗಬೇಕು."

ನಾನು ಮಂಚದ ಕೆಳಗಿನಿಂದ ಹಳೆ ಬೆಡ್‌ಪ್ಯಾನ್ ಎಳೆದು ದೊಡ್ಡಕ್ಕನ ಕೈಗಿಟ್ಟೆ. "ತಗೊಳ್ಳಿ. ನಿಮ್ಮಮ್ಮ." ಕೈಕಟ್ಟಿ ಬಾಗಿಲಲ್ಲಿ ನಿಂತೆ. ಸಹಾಯ ಮಾಡುವ ಯೋಚನೆ ನನಗೆ ಲವಲೇಶವೂ ಇರಲಿಲ್ಲ.

ಅವಳು ಮಂಚದ ಹತ್ತಿರ ಹೋಗಿ ಹೊದಿಕೆ ಸರಿಸಲು ಬಗ್ಗಿದಳು. ಅತ್ತೆ ಬಲಗೈಯಲ್ಲಿ ಹೊದಿಕೆಯನ್ನು ಬಿಗಿಯಾಗಿ ಹಿಡಿದುಕೊಂಡು ಗೋಡೆ ಕಡೆ ತಿರುಗಿಬಿಟ್ಟರು.

"ಅಮ್ಮಾ, ನಾನೇ ಅಲ್ವಾ, ನಿನ್ನ ಮಗಳು."

"ಅದಕ್ಕೇ ಬೇಡ" ಅಂದರು ಅತ್ತೆ, ಗೋಡೆಗೆ. "ಕುರ್ಚಿ ತಾ."

ದೊಡ್ಡಕ್ಕ ಬೆಡ್‌ಪ್ಯಾನನ್ನು ಕೆಳಗಿಟ್ಟಳು. ಆಮೇಲೆ ಹೋಗಿ ಕುರ್ಚಿ ತಂದು, ಕೈ ಇದ್ದ ಕಡೆಯನ್ನೇ ಮಂಚಕ್ಕೆ ತಾಗಿಸಿ ಇಟ್ಟಳು. ನಾನು ತಿದ್ದಲಿಲ್ಲ. "ತಿರುಗಿಸು" ಅಂದರು ಅತ್ತೆ. ತಿರುಗಿಸಿ, ಬಕೆಟ್ ಎಳೆದು ಕೆಳಗಿಟ್ಟಳು. ಅತ್ತೆ ಬಲಗೈ ಊರಿ, ಉಸಿರು ಕಟ್ಟಿ, ಇಂಚಿಂಚೇ ಜಾರಿ ಕೂತರು. ಕೈ ಚಾಚಿದರು.

"ಹಗ್ಗ."

ನೆಲದ ಮೇಲೆ ಬಿದ್ದಿದ್ದ ಹಗ್ಗವನ್ನು ದೊಡ್ಡಕ್ಕ ಎತ್ತಿ ತಾಯಿಯ ಕೈಗೆ ಕೊಟ್ಟಳು.

"ಇಬ್ಬರೂ ಆಚೆ ನಡೀರಿ."

ನಾವು ಆಚೆ ಬಂದೆವು. ಹಗ್ಗ ಬಿಗಿಯಾಯಿತು. ಬಾಗಿಲು ನಿಧಾನವಾಗಿ ಬಂದು ನಮ್ಮ ಮೂಗಿನ ಮುಂದೆ ಮುಚ್ಚಿಕೊಂಡಿತು.

ದೊಡ್ಡಕ್ಕ ಆ ಬಾಗಿಲನ್ನೇ ನೋಡುತ್ತಿದ್ದಳು. "ಕಟ್ಟಿಹಾಕ್ತೀನಿ ಅಂದೆಯಲ್ಲ."

"ನೀವು ಕೇಳಿದ್ರಿ, ಹೇಳಿದೆ."

"ನೀನು ಒಳ್ಳೆಯವಳಲ್ಲ."

"ನೀವು ಬಹಳ ಒಳ್ಳೆಯವರಾ?"

"ಜಗಳ ಬೀದೀಲಿ ಆಡಿ!" ಒಳಗಿನಿಂದ ಅತ್ತೆ ಕೂಗಿದರು. "ನೀವು ಅಲ್ಲೇ ನಿಂತಿದ್ರೆ ನನಗೆ ಬರೋದೂ ಬರಲ್ಲ."

ಬೀದಿಗೆ ಹೋದೆವು. ಟೆಂಪೊದವನು ಒಂದೇ ಸಮ ಹಾರ್ನ್ ಹೊಡೆಯುತ್ತಿದ್ದ. ದೊಡ್ಡಕ್ಕ ನನ್ನ ಮುಖ ನೋಡದೆ ಕೇಳಿದಳು, "ಆ ಕೈ ನಿಜವಾಗ್ಲೂ ಗುಜರಿಗೆ ಹಾಕಿದ್ಯಾ?"

ಇನ್ನೂ ಸ್ವಲ್ಪ ಉರಿಸಬಹುದಿತ್ತು. ಯಾಕೋ ನಾಲಿಗೆ ಏಳಲಿಲ್ಲ. ಅಟ್ಟ ಹತ್ತಿ ಆ ಪೊಟ್ಟಣ ತಂದುಕೊಟ್ಟೆ. ಪೇಪರ್ ಬಿಚ್ಚಿ, ಮಾವನ ಅಂಗೈ ಉಜ್ಜಿ ಉಜ್ಜಿ ನುಣುಪಾದ ತುದಿಯನ್ನು ಅವಳು ಒಮ್ಮೆ ಸವರಿದಳು. ಖಾಲಿ ಟೆಂಪೊದಲ್ಲಿ ಡ್ರೈವರ್ ಪಕ್ಕ ಕೂತು, ಕುರ್ಚಿಯ ಒಂದು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟುಹೋದಳು.

ಒಳಗೆ ಬಂದೆ. ಬಾಗಿಲು ಇನ್ನೂ ಮುಚ್ಚಿತ್ತು.

"ಹೋದಳಾ?"

"ಹೋದರು."

"ಹಾಗಾದ್ರೆ ಒಂದು ಲೋಟ ನೀರು ತಾ" ಅಂದರು ಅತ್ತೆ. "ತುಂಬಿಸಿ ತಾ."