ಪದಕಕ್ಕೆ ಮುಟ್ಟಿಸದ ಬರ್ಫಿ

ಸತ್ತವಳ ಜೊತೆ ಸಂಸಾರ ಮಾಡುವುದೆಂದರೆ ಏನೆಂದು ನನ್ನನ್ನು ಕೇಳಿ. ಕುರುಗೋಡಿನಿಂದ ಬಳ್ಳಾರಿಯ ಬ್ರೂಸ್‌ಪೇಟೆಗೆ ನಾನು ಎರಡನೆಯವಳಾಗಿ ಬಂದೆ. ಮದುವೆಯ ದಿನ ಅತ್ತೆ ದೊಡ್ಡಬಸಮ್ಮ ತಾಳಿಯ ಜೊತೆ ಒಂದು ಬೆಳ್ಳಿ ಪದಕವನ್ನೂ ನನ್ನ ಕೊರಳಿಗೆ ಕಟ್ಟಿಸಿದರು. ಅದು ತೀರಿಕೊಂಡ ಮೊದಲ ಹೆಂಡತಿ ಗುರುಬಸಮ್ಮನ ಹೆಸರಿನದು. ಹೊಸ ಸೀರೆ ಉಡುವಾಗ ಸೆರಗನ್ನು ಮೊದಲು ಪದಕಕ್ಕೆ ಮುಟ್ಟಿಸಬೇಕು. ಸಿಹಿ ಮಾಡಿದರೆ ಮೊದಲ ತುಣುಕನ್ನು ಪದಕಕ್ಕೆ ಸೋಕಿಸಿ, ಅದೇ ತುಣುಕನ್ನು ಅವಳ ಮಗಳ ಬಾಯಿಗೆ ಇಡಬೇಕು. ಅಲ್ಲಿಯವರೆಗೆ ಯಾರೂ ರುಚಿ ನೋಡುವಂತಿಲ್ಲ. ಸಿಹಿ ಹೆಚ್ಚೋ ಕಡಿಮೆಯೋ, ನನ್ನ ಹಣೆಬರಹ.

ಮಗಳು ಸುವರ್ಣಿಗೆ ಐದು ವರ್ಷ. ನನ್ನನ್ನು ಅವಳು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ನೀರು ಬೇಕಾದರೆ ನನ್ನ ಮುಖ ನೋಡದೆ ಪದಕಕ್ಕೆ ಹೇಳುತ್ತಿದ್ದಳು, "ಅವ್ವಾ, ನೀರು ಕೊಡಾಕ ಹೇಳು." ನಾನು ಇಟ್ಟ ತುತ್ತನ್ನು ಗೋಡೆಯ ಕಡೆ ತಿರುಗಿ ಉಗುಳುತ್ತಿದ್ದಳು. ಕೈಕಾಲು ಕಡ್ಡಿಯಾಗಿದ್ದವು. ಮಲತಾಯಿ ಮಗುವನ್ನು ಉಪವಾಸ ಕೆಡವಿದ್ದಾಳೆಂದು ಓಣಿಯ ಹೆಂಗಸರು ಗುಸುಗುಸು ಶುರುಮಾಡಿದ್ದರು. ಅವರ ಬಾಯಿಗೆ ಮಣ್ಣು ಬೀಳಲಿ. ಈ ಮಗು ನನ್ನ ಕೈಯಿಂದ ಒಂದು ತುತ್ತು ತಿಂದರೆ ಸಾಕು ಎಂಬ ಆಸೆಯಲ್ಲಿ ನಾನೇ ಸೊರಗಿದ್ದು ಅವರಿಗೆಲ್ಲಿ ಕಾಣಬೇಕು?

ಒಂದು ದಿನ ಅವಳು ಪದಕದ ಹತ್ತಿರ ಬಾದಾಮಿ ಬರ್ಫಿ ಕೇಳಿದಳು. ಗುರುಬಸಮ್ಮ ಮಾಡುತ್ತಿದ್ದಳಂತೆ. ನಾನು ಗಂಡನ ಬೆನ್ನು ಬಿದ್ದೆ. ಸಕ್ಕರೆಗೆ ರೇಷನ್ ಇದ್ದ ಕಾಲ. ಚಹಾಕ್ಕೆ ಬೆಲ್ಲ ಹಾಕಿ ಸಕ್ಕರೆ ಉಳಿಸಿದೆ. ಅವರು ಅಂಗಡಿಯಿಂದ ಬಾದಾಮಿ ಪೊಟ್ಟಣ ತಂದುಕೊಟ್ಟರು. ಅತ್ತೆ ಮದುವೆಗೆಂದು ಸಿರುಗುಪ್ಪಕ್ಕೆ ಹೋಗಿದ್ದರು.

ಮಧ್ಯಾಹ್ನ, ಮಗು ಪಡಸಾಲೆಯಲ್ಲಿ ಮಲಗಿತ್ತು. ಬಿಸಿನೀರಲ್ಲಿ ನೆನೆಸಿದ ಬಾದಾಮಿಯ ಸಿಪ್ಪೆ ಜಾರಿಸಲು ಬಗ್ಗಿದೆ. ಪದಕ ಕೆಳಗೆ ಜೋತು ಪಾತ್ರೆಗೆ ಠಣ್ಣೆಂದು ಬಡಿಯಿತು. ಬೆನ್ನಿಗೆ ಎಸೆದುಕೊಂಡೆ, ಮತ್ತೆ ಮುಂದೆ ಬಂತು. ಹಾಲು ಹಾಕಿ ರುಬ್ಬುವಾಗ ರುಬ್ಬುಗುಂಡಿಗೂ ಒರಳಿಗೂ ನಡುವೆ ಬಂದು ಸಿಕ್ಕಿಕೊಂಡಿತು. ಪಾಕಕ್ಕೆ ಬಾದಾಮಿ ಬಿಟ್ಟು ತಿರುವಲು ನಿಂತರೆ ಎದೆಯ ಮೇಲೆ ಕೆಂಡದಂತೆ ಸುಟ್ಟಿತು. ಒಲೆಯ ಕಾವು ಅಷ್ಟಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ಏನವ್ವಾ ನಿನ್ನ ಕಾಟ? ನಿನ್ನ ಮಗಳಿಗೇ ಮಾಡಾಕ ಹತ್ತೀನಿ. ಸುಮ್ನಿರು," ಎಂದು ಅದರ ದಾರವನ್ನು ಕೊರಳಿಂದ ತೆಗೆದು, ದಾರದ ಸಮೇತ ಪದಕವನ್ನು ಗೋಡೆಯ ದೇವರ ಮಾಡದಲ್ಲಿಟ್ಟು ಅದರ ಬಾಗಿಲು ಹಾಕಿದೆ. ಆಮೇಲೆ ಕೆಲಸ ಸರಾಗವಾಗಿ ನಡೆಯಿತು. ಬಾದಾಮಿ ಪಾತ್ರೆಯ ತಳ ಬಿಟ್ಟು ಮುದ್ದೆಗಟ್ಟಿತು. ತುಪ್ಪ ಸವರಿದ ತಟ್ಟೆಗೆ ಸುರಿದು ತಟ್ಟಿದೆ. ಈ ಸಲ ಪದಕಕ್ಕೆ ಮುಟ್ಟಿಸುವುದಿಲ್ಲ, ನನ್ನ ಕೈಯಿಂದ ನೇರ ಮಗುವಿನ ಬಾಯಿಗೆ ಎಂದುಕೊಂಡೆ.

ವಾಸನೆಗೆ ಎಚ್ಚರಾಗಿ ಸುವರ್ಣಿ ಬಂದು ತಟ್ಟೆಯ ಮುಂದೆ ಕೂತಳು. ಮೊದಲ ಸಲ ನನ್ನ ಮುಖ ನೋಡಿ ಬಾಯಿ ತೆರೆದಳು. ನನ್ನ ಕಣ್ಣು ತುಂಬಿ ಬಂದವು. ಅವಳಿಗೆಂದು ನಡುವಿನ ತುಂಡು ಕೊಯ್ಯಲು ಹೋದೆ, ಚಾಕು ಗಟ್ಟಿ ಏನಕ್ಕೋ ತಗುಲಿ ನಿಂತಿತು.

ಬಗೆದು ನೋಡಿದರೆ ಪದಕ.

ಓಡಿಹೋಗಿ ಮಾಡದ ಬಾಗಿಲು ತೆಗೆದೆ. ಅಲ್ಲಿ ದಾರ ಮಾತ್ರ ಇತ್ತು, ಹಾಕಿದ ಗಂಟು ಹಾಗೇ ಇತ್ತು. ವಾಪಸ್ ಬಂದು, ಪದಕಕ್ಕೆ ಅಂಟಿದ್ದ ಬರ್ಫಿ ಉಗುರಿಗೆ ಬಾರದೆ, ಮೀಸಲೂ ಇಲ್ಲ ಮಣ್ಣೂ ಇಲ್ಲ ಎಂದು ಹಲ್ಲಿನಿಂದ ಕೆರೆದೆ. ಕಹಿ. ಸಕ್ಕರೆಯನ್ನೂ ಮೀರಿ ಗಂಟಲಿಗೆ ಇಳಿಯುವ ಕಹಿ. ಮಗು ಆಗಲೇ ತುಂಡಿಗೆ ಕೈ ಹಾಕಿತ್ತು. ಕೈಗೆ ಹೊಡೆದು ತಟ್ಟೆಯನ್ನು ಅಂಗಳಕ್ಕೆ ಎಸೆದೆ. ಸುವರ್ಣಿ ಅಳಲಿಲ್ಲ.

ಸಂಜೆ ಗಂಡ ಏದುಸಿರು ಬಿಡುತ್ತ ಬಂದರು. ಅಂಗಡಿಯಲ್ಲಿ ಔಷಧಿಗೆಂದು ತರಿಸಿದ್ದ ಕಹಿ ಬಾದಾಮಿ ತಿನ್ನುವ ಬಾದಾಮಿಯ ಚೀಲದೊಳಗೆ ಬೆರೆತಿತ್ತಂತೆ. ಅದು ವಿಷ, ಸಣ್ಣ ಮಕ್ಕಳು ತಿಂದರೆ ಉಳಿಯುವುದಿಲ್ಲವೆಂದು ಅಂಗಡಿಯವನು ಹುಡುಕಿಕೊಂಡು ಬಂದು ಹೇಳಿದ್ದನಂತೆ. ಮಗು ಸತ್ತಿದ್ದರೆ ಆ ಓಣಿಯಲ್ಲಿ ನನ್ನ ಮಾತು ನಂಬುವವರು ಒಬ್ಬರಾದರೂ ಇದ್ದರೇ?

ಪದಕವನ್ನು ತೊಳೆದು ಮತ್ತೆ ಕಟ್ಟಿಕೊಂಡೆ. ತಪ್ಪಾಯಿತೆಂದು ಸವತಿಗೆ ಹೇಳಿ ಕಣ್ಣೀರು ಹಾಕಿದೆ. ಸುವರ್ಣಿ ಬಂದು ಪದಕಕ್ಕೆ ಕಿವಿಯಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ನನ್ನ ಮುಖ ನೋಡಿದಳು.

"ಚಿಕ್ಕವ್ವಾ, ಇನ್ನ ಮ್ಯಾಲೆ ತನಗ ಮುಟ್ಟಿಸೂದು ಬ್ಯಾಡಂತ. ಏನ ಮಾಡಿದ್ರೂ ಮೊದಲು ನೀನ ತಿನ್ನಬೇಕಂತ."

ಈಗ ಅವಳು ನನ್ನ ಕೈಯಿಂದಲೇ ಉಣ್ಣುತ್ತಾಳೆ. ಮೈಕೈ ತುಂಬಿಕೊಂಡಿದ್ದಾಳೆ, ಓಣಿಯವರ ಬಾಯಿ ಮುಚ್ಚಿದೆ. ಬಾಯಿ ತುಂಬ ಚಿಕ್ಕವ್ವಾ ಎನ್ನುತ್ತಾಳೆ; ನನಗೆ ಇನ್ನೇನು ಬೇಕು? ಆದರೆ ಮೊದಲ ತುತ್ತು ನನ್ನದು. ರೊಟ್ಟಿಯಾಗಲಿ, ಹಾಲಾಗಲಿ, ನಾನು ನುಂಗಿದ ಮೇಲೆ ಇಬ್ಬರೂ ಸುಮ್ಮನೆ ಕೂತು ಕಾಯುತ್ತೇವೆ. ಮಗು ಆಗ ನನ್ನ ಮುಖ ನೋಡುವುದಿಲ್ಲ, ಪದಕವನ್ನೇ ನೋಡುತ್ತಿರುತ್ತದೆ. ನಾನು ಸಾಯಲಿಲ್ಲವೆಂದು ಖಾತ್ರಿಯಾಗಿ ಅಲ್ಲಿಂದ ಅಪ್ಪಣೆ ಬಂದ ಮೇಲೆ ಬಾಯಿ ತೆರೆಯುತ್ತದೆ.