ಆರು ಹೆಸರಿನ ಕಲ್ಲು

ಕಫನ್ನಿನ ಬಟ್ಟೆಯನ್ನು ಟ್ರಂಕಿನಿಂದ ಎತ್ತಿದಾಗ ಮಡಿಕೆಯೊಳಗಿಂದ ಉದ್ದನೆಯ ಲಕೋಟೆಯೊಂದು ರುಬೀನಾಳ ಕಾಲ ಮೇಲೆ ಬಿತ್ತು. ಬೆಂಗಳೂರಿನ ಮೊಹರು. ಹೊರಗೆ ಗಂಡಸರು ತೀರಿಹೋದ ಅಬ್ಬಾನ ಮೈ ತೊಳೆಯಲು ನೀರು ಕಾಯಿಸುತ್ತಿದ್ದರು. ತಮ್ಮ ಮುಷರಫ್ ಬಾಗಿಲಲ್ಲಿ ಕೈಚಾಚಿ ನಿಂತಿದ್ದ.

“ಆಪಾ, ಬಟ್ಟಿ ಕೊಡು. ಮಧ್ಯಾಹ್ನದ ಜೊಹರ್ ನಮಾಜಿಗೆ ಎತ್ತಬೇಕು.”

ಬಟ್ಟೆ ಕೊಟ್ಟು ಕಾಗದ ಬಿಡಿಸಿದಳು. ಸ್ಮಾರಕ ಸಮಿತಿ ಕೊನೆಗೂ ಒಪ್ಪಿತ್ತು. ಉದ್ಯಾನವೊಂದರ ಮೂಲೆಯಲ್ಲಿ ಮೂರಡಿಯ ಕಲ್ಲು, ಅದರ ಮೇಲೆ ಕಟ್ಟಡ ಕುಸಿದು ಸತ್ತ ಆರು ಕೂಲಿಕಾರರ ಹೆಸರು. ಜೊತೆಗಿದ್ದ ಕಲ್ಲಿನ ನಕ್ಷೆಯಲ್ಲಿ ಆ ಆರರ ಮೇಲೆ ದಪ್ಪಕ್ಷರದಲ್ಲಿ ಇನ್ನೊಂದು ಹೆಸರಿತ್ತು. ಕಲ್ಲನ್ನೂ ಉದ್ಯಾನವನ್ನೂ ನೋಡಿಕೊಳ್ಳಲು ಮುಂದೆ ಬಂದವನದು. ಆ ಕಟ್ಟಡ ಕಟ್ಟಿಸಿದ್ದವನೂ ಅವನೇ. ಅರ್ಜಿದಾರರ ಒಪ್ಪಿಗೆಯ ಸಹಿ ನಾಳೆಯೊಳಗೆ ತಲುಪದಿದ್ದರೆ ಕಡತ ಮುಕ್ತಾಯ, ಮೊಬೈಲಿನಿಂದಲೂ ಕಳಿಸಬಹುದು.

ಇಪ್ಪತ್ತೆರಡು ವರ್ಷ ಪ್ರತಿ ಅರ್ಜಿಯನ್ನೂ ಅವಳ ಕೈಯಿಂದಲೇ ಬರೆಸಿದ್ದ ಅಬ್ಬಾ, ಈ ಕಾಗದ ಬಂದು ತಿಂಗಳಾದರೂ ತುಟಿ ಬಿಚ್ಚಿರಲಿಲ್ಲ.

ಮುಷರಫ್ ಓದಿ ಮುಖ ಕಪ್ಪಾಗಿಸಿಕೊಂಡ. “ಹರದು ಒಗಿ. ಅಬ್ಬಾ ಅದಕ್ಕ ಮುಚ್ಚಿಟ್ಟಾರ.”

“ಹರಿಯೂದಿದ್ರ ಅವ್ರೇ ಹರೀತಿದ್ರಲ್ಲ? ಗಂಡನ ಹೆಸರಿಗೆ ಕಾದು ಕುಂತ ಮುಡಬಿ ಮೌಶಿಗೆ ಏನ್ ಹೇಳ್ಲಿ?”

ಅಷ್ಟರಲ್ಲಿ ಅಂಗಳದಿಂದ ಯಾರೋ ಅವನನ್ನು ಕೂಗಿದರು.

*

ರುಬೀನಾಳ ಅಬ್ಬಾ, ಹುಮನಾಬಾದಿನ ಗೌಂಡಿ ಅಜೀಮುದ್ದೀನ್, ಸುತ್ತಲಿನ ಹಳ್ಳಿಗಳ ಆರು ಮಂದಿಯನ್ನು ತಾವೇ ಬೆಂಗಳೂರಿಗೆ ಕರೆದೊಯ್ದಿದ್ದರು. ಮೂರನೆಯ ಮಹಡಿಯ ಸ್ಲ್ಯಾಬ್ ಬಿದ್ದಾಗ ಬೀಡಿ ತರಲು ಕೆಳಗಿಳಿದಿದ್ದ ಅವರೊಬ್ಬರೇ ಉಳಿದರು. ಮಾಲೀಕ ಹೆಣ ನೋಡಲೂ ಬರಲಿಲ್ಲ. ಆರೂ ಹೆಣಗಳನ್ನು ಲಾರಿಯಲ್ಲಿ ಊರಿಗೆ ತಂದ ಮೇಲೆ ಅಜೀಮುದ್ದೀನ್ ಮತ್ತೆ ಗೋಡೆ ಕಟ್ಟಲಿಲ್ಲ. ಬಸ್ ನಿಲ್ದಾಣದೆದುರು ಪಂಕ್ಚರ್ ಅಂಗಡಿ ಇಟ್ಟರು.

ಮೊದಲ ಅರ್ಜಿ ಬರೆದಾಗ ರುಬೀನಾ ಹತ್ತನೆಯ ತರಗತಿ. ಮದುವೆಯಾಗಿ ಬಸವಕಲ್ಯಾಣಕ್ಕೆ ಹೋದರೂ ಅರ್ಜಿ ಬಿಡಲಿಲ್ಲ; ಅಬ್ಬಾ ಕಾಗದದ ಚೀಲ ಹಿಡಿದು ಬಸ್ಸಿಳಿದರೆ ಅತ್ತೆ ಒಳಗೆ ಎದ್ದುಹೋಗುತ್ತಿದ್ದಳು. ಒಮ್ಮೆ ಅಬ್ಬಾ ರುಬೀನಾಳನ್ನೂ ಬೆಂಗಳೂರಿಗೆ ಕರೆದೊಯ್ದರು. ಅಧಿಕಾರಿ ನಗರದ ನಕ್ಷೆ ಹರಡಿದ.

“ರಸ್ತೆ ಬದಿ ಆಗಲ್ಲ, ಸರ್ಕಲ್‌ನಲ್ಲೂ ಆಗಲ್ಲ. ಪಾರ್ಕಾದ್ರೆ ತೋಟಗಾರಿಕೆಯವರು ಒಪ್ಪಬೇಕು. ಆಮೇಲೆ ಜನರ ಆಕ್ಷೇಪಣೆಗೆ ಮೂವತ್ತು ದಿನ. ಎಲ್ಲಾ ಆದ್ರೂ ಕಲ್ಲನ್ನ ನೋಡ್ಕೊಳ್ಳೋರು ಯಾರು?”

“ನಾ ನೋಡ್ಕೋತೀನ್ರಿ,” ಎಂದರು ಅಬ್ಬಾ.

“ಹುಮನಾಬಾದಿಂದಲಾ? ನಿಮ್ಮೂರಲ್ಲೇ ಹಾಕಿಸ್ಕೊಳ್ಳಿ ಯಜಮಾನ್ರೇ.”

“ಊರಾಗ ಅವ್ರ ಮಣ್ಣು ಆಗ್ಯದರಿ. ಅವ್ರು ಕಟ್ಟಿದ್ದು ಇಲ್ಲಿ.”

*

ಅಬ್ಬಾನ ಜನಾಜಾ ಹೊತ್ತ ಗಂಡಸರು ಓಣಿ ದಾಟಿದರು. ಕಲಿಮಾದ ದನಿ ದೂರವಾಯಿತು. ಹೆಂಗಸರು ತುಂಬಿದ್ದ ಕೋಣೆಗೆ ಮುಡಬಿಯ ಶಕುಂತಲಾಬಾಯಿ ಏದುಸಿರು ಬಿಡುತ್ತ ಬಂದಳು. ಸತ್ತ ಆರು ಮಂದಿಯಲ್ಲಿ ಧನರಾಜ ಅವಳ ಗಂಡ.

“ಆಟೋ ತುಂಬೂತನ ಬಿಡಲಿಲ್ಲ. ಅಣ್ಣನ ಮಾರಿ ಸುದ್ದಾ ಸಿಗಲಿಲ್ಲ ನೋಡು.” ಅಳು ಇಳಿದ ಮೇಲೆ ರುಬೀನಾಳ ಹತ್ತಿರ ಸರಿದಳು. “ಬೇಟಿ, ಹೋದ ವಾರ ಕಲ್ಲಿಂದು ಕೇಳಿದ್ರ ಅಣ್ಣ ಮಾರಿ ತಿರುವಿದ. ನನ್ನಿಂದ ಏನರ ತಪ್ಪಾತೇನು?”

“ಇಲ್ಲ ಮೌಶಿ. ಕಲ್ಲು ಪಾಸ್ ಆಗ್ಯದ. ಆದ್ರ…”

ಮುದುಕಿ ಅವಳ ಎರಡೂ ಕೈ ಹಿಡಿದುಕೊಂಡಳು. “ನಮ್ಮವಂದು ಹೆಸರದ?”

“ಅದ.”

“ಬೆಂಗಳೂರಾಗ?”

“ಬೆಂಗಳೂರಾಗೇ.”

ರುಬೀನಾ ಕೈ ಬಿಡಿಸಿಕೊಂಡು ಕಾಗದವನ್ನು ಮಡಿಲಲ್ಲಿ ಮಗುಚಿಟ್ಟಳು. ಅಬ್ಬಾ ಒಂದು ತಿಂಗಳು ಇದನ್ನು ಹೇಗೆ ಹೊತ್ತುಕೊಂಡು ಓಡಾಡಿದರೋ ಎನಿಸಿತು. ಬಾಗಿಲ ತುಂಬ ಹೆಂಗಸರು. ಎದ್ದು ಹೋಗಲು ದಾರಿಯಿರಲಿಲ್ಲ. ಇದ್ದರೂ, ಎಲ್ಲಿಗೆ?

ಮುಷರಫ್ ಬರುವುದರೊಳಗೆ, ಗೋಡೆಗೆ ಕಾಗದವೊತ್ತಿ, ‘ಅರ್ಜಿದಾರರು ಅಥವಾ ವಾರಸುದಾರರು’ ಎಂಬಲ್ಲಿ ಸಹಿ ಹಾಕಿದಳು. ಫೋಟೋ ತೆಗೆದು ಕಳಿಸಿದಳು. ಹೋಯಿತು.

“ಎಲ್ಲದ, ತೋರ್ಸು,” ಎಂದಳು ಓದುಬಾರದ ಶಕುಂತಲಾಬಾಯಿ. ರುಬೀನಾ ಅವಳ ಬೆರಳನ್ನು ನಾಲ್ಕನೆಯ ಹೆಸರಿನ ಮೇಲಿಟ್ಟಳು. ಮುದುಕಿ ಅಕ್ಷರಗಳನ್ನು ಸವರಿ ಬೆರಳನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಬೆರಳು ಮೇಲಕ್ಕೆ ಸರಿಯಿತು.

“ಇದ್ಯಾರ್ದು, ಇಷ್ಟು ದಪ್ಪಂದು?”

ಅಂಗಳದಲ್ಲಿ ಮಣ್ಣು ಕೊಟ್ಟು ಬಂದ ಗಂಡಸರು ಕಾಲು ತೊಳೆಯುತ್ತಿದ್ದರು.

“ಕಲ್ಲು ಹಾಕಸಾವ್ರದು, ಮೌಶಿ.”

“ಅವ್ರ ಹೊಟ್ಟಿ ತಣ್ಣಗಿರ್ಲಿ,” ಎಂದು ಶಕುಂತಲಾಬಾಯಿ ಸೆರಗು ತಲೆಗೆಳೆದುಕೊಂಡು, ಎರಡೂ ಅಂಗೈಯನ್ನು ಆ ಹೆಸರಿಗೆ ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು. ಬಹಳ ಹೊತ್ತು ತೆಗೆಯಲಿಲ್ಲ.