ಪುಸ್ತಕದಲ್ಲಿ ಗೆದ್ದಳು, ಟಿವಿಯಲ್ಲಿ ಸೋತಳು

ಗಂಗಾಂಬಿಕಾ ಕಾದಂಬರಿಕಾರ್ತಿಯಾದದ್ದು ಕಾಯುವ ಕೆಲಸದಿಂದ. ಹೊಸಪೇಟೆಯಲ್ಲಿ ಇಪ್ಪತ್ತಾರು ವರ್ಷ ಸಿವಿಲ್ ದಾವೆಗಳನ್ನು ನಡೆಸಿದ ವಕೀಲೆ ಆಕೆ. ಬೆಳಿಗ್ಗೆ ಕರಿ ಕೋಟು ಹಾಕಿಕೊಂಡು ಹೋದರೆ ತನ್ನ ಕೇಸಿನ ಪಾಳಿ ಬರುವತನಕ ಕೂತಿರಬೇಕು. ಉಳಿದ ವಕೀಲರು ಆ ಹೊತ್ತಿನಲ್ಲಿ ಚಹಾ ಕುಡಿದು ಹರಟೆ ಹೊಡೆಯುತ್ತಿದ್ದರು. ಗಂಗಾಂಬಿಕಾ ಹಳೆಯ ಅರ್ಜಿಗಳ ಬೆನ್ನಿಗೆ ಏನಾದರೂ ಗೀಚುತ್ತ ಕೂಡುತ್ತಿದ್ದಳು. ಮೊದಮೊದಲು ಅದು ಸಾಕ್ಷಿ ಹೇಳಲು ಬಂದವರ ಮಾತಿನ ವೈಖರಿ, ಅವರು ಕೈ ಮುಗಿಯುವ ರೀತಿ, ಅಷ್ಟೇ. ಆಮೇಲೆ ಅದಕ್ಕೆ ಕಥೆ ಕೂಡಿಕೊಂಡಿತು.

ಕಥೆ ಕೊಟ್ಟವಳು ಕಂಪ್ಲಿಯ ತಾಯಕ್ಕ. ಬುಟ್ಟಿಯಲ್ಲಿ ಬಾಳೆಹಣ್ಣು ಹೊತ್ತು ಓಣಿ ಓಣಿ ತಿರುಗಿ ಮಾರುವವಳು. ಅವಳ ಓಣಿಯಿಂದ ಹೊಳೆಗೆ ಇಳಿಯುವ ಹಾದಿಗೆ ಅಕ್ಕಿ ಗಿರಣಿಯವನೊಬ್ಬ ಅಡ್ಡಗೋಡೆ ಎಬ್ಬಿಸಿದ್ದ. ಓಣಿಯ ಗಂಡಸರು ಗಿರಣಿಯವನ ಮುಲಾಜಿಗೆ ಸುಮ್ಮನಾದಾಗ, ತಾಯಕ್ಕ ಒಬ್ಬಳೇ ಗಂಗಾಂಬಿಕಾಳನ್ನು ವಕೀಲೆಯಾಗಿ ಹಿಡಿದು ದಾವೆ ಹಾಕಿದಳು. ಒಂಬತ್ತು ವರ್ಷ ಕೋರ್ಟಿನ ಒಂದು ವಾಯಿದೆಯನ್ನೂ ತಪ್ಪಿಸಲಿಲ್ಲ. ಬರುವಾಗ ಬುಟ್ಟಿಯನ್ನೂ ತರುತ್ತಿದ್ದಳು. ಪಾಳಿ ಬರುವಷ್ಟರಲ್ಲಿ ಬುಟ್ಟಿ ಖಾಲಿಯಾಗಿರುತ್ತಿತ್ತು. ಕಡೆಗೆ ಗೆದ್ದಳು. ಗೋಡೆ ಬಿತ್ತು.

ಗಂಗಾಂಬಿಕಾ ಅದನ್ನೇ ‘ಒಂಬತ್ತು ಅಡಿ ದಾರಿ’ ಎಂದು ಬರೆದಳು. ತಾಯಕ್ಕ ಪುಸ್ತಕದಲ್ಲಿ ನೀಲವ್ವಳಾದಳು. ನಡೆದದ್ದು ಗೋಡೆ ಬೀಳುವತನಕ ಮಾತ್ರ. ಆದರೆ ಬರೆಯುವ ಕೈ ಅಲ್ಲಿಗೆ ನಿಲ್ಲಲಿಲ್ಲ. ಕೊನೆಯ ಅಧ್ಯಾಯದಲ್ಲಿ ನೀಲವ್ವ ಊರಿನ ಚುನಾವಣೆಗೂ ನಿಂತು, ಗೆದ್ದು ಬಂದಳು. ಪ್ರೆಸ್ಸಿನ ಗವಿಸಿದ್ದಪ್ಪ ಅಂಜುತ್ತಂಜುತ್ತ ಐನೂರು ಪ್ರತಿ ಅಚ್ಚು ಹಾಕಿದ. ಮೂರು ವಾರಕ್ಕೆ ಅಷ್ಟೂ ಮುಗಿದವು. ಆಮೇಲೆ ಅವನು ಅಂಜುವುದನ್ನು ಬಿಟ್ಟ. ಇಪ್ಪತ್ತೊಂದನೇ ಮುದ್ರಣದ ಹೊತ್ತಿಗೆ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲೂ ಆ ಪುಸ್ತಕ ಜೋತಾಡುತ್ತಿತ್ತು.

ಟಿವಿಯ ಸಹವಾಸ ಶುರುವಾದದ್ದು ಸಂಡೂರಿನಿಂದ. ಅಲ್ಲಿನ ಕಾಲೇಜಿನ ಸಮಾರಂಭದಲ್ಲಿ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಮೇಡಂ, ಕಥಿ ಬರಿಯೋರು ರಾಜಕೀಯ ಯಾಕ ಮಾತಾಡಂಗಿಲ್ಲ?” ಎಂದು ಕೇಳಿದಳು. ಗಂಗಾಂಬಿಕಾ ಉತ್ತರಿಸಲು ಹೋಗಿ ಇಪ್ಪತ್ತು ನಿಮಿಷ ನಿಲ್ಲಲೇ ಇಲ್ಲ. ಅದಿರಿನ ಲಾರಿ, ಕೆಂಪು ಧೂಳು, ಐದು ವರ್ಷಕ್ಕೊಮ್ಮೆ ಕಾಣುವ ಬಿಳಿ ಬಟ್ಟೆ, ಯಾವುದನ್ನೂ ಬಿಡಲಿಲ್ಲ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಹಂಚಿದರು. ಲಕ್ಷಾಂತರ ಜನ ನೋಡಿದರು. ಬೆಂಗಳೂರಿನ ಸುದ್ದಿವಾಹಿನಿಯೊಂದು ಪ್ರತಿ ಭಾನುವಾರ ಸಂಜೆ ಆರಕ್ಕೆ ಚರ್ಚೆಗೆ ಕರೆಯತೊಡಗಿತು. ಗಂಗಾಂಬಿಕಾ ಮನೆಯ ಮುಂದಿನ ಕೋಣೆಯಲ್ಲೇ, ಕಾನೂನು ಪುಸ್ತಕಗಳ ಬೀರುವಿಗೆ ಬೆನ್ನು ಮಾಡಿ, ಲ್ಯಾಪ್‌ಟಾಪಿನ ಮುಂದೆ ಕೂತು ಮಾತಾಡುತ್ತಿದ್ದಳು. ಸ್ಪೇರ್‌ಪಾರ್ಟ್ಸ್ ಅಂಗಡಿ ಇಟ್ಟಿದ್ದ ಗಂಡ ಹಂಪೇಶ್ ಆ ಒಂದು ತಾಸು ಮನೆಯಲ್ಲಿ ತುದಿಗಾಲಲ್ಲಿ ಓಡಾಡುತ್ತಿದ್ದ.

ಅಂಥ ಒಂದು ಭಾನುವಾರ ಪುರಸಭೆ ಚುನಾವಣೆಗಳ ಮಾತು ನಡೆದಿತ್ತು. ಗಂಗಾಂಬಿಕಾ ಮತದ ಲೆಕ್ಕಾಚಾರ ಬಿಡಿಸುತ್ತಿರುವಾಗ ಒಳಗಿನಿಂದ ಕುಕ್ಕರ್ ಮೂರು ಸೀಟಿ ಹೊಡೆಯಿತು. ಆ ಮನೆಯ ಬೇಳೆ ಬೆಂದದ್ದು ಇಡೀ ಕರ್ನಾಟಕಕ್ಕೆ ಗೊತ್ತಾಯಿತು. ನಿರೂಪಕ ನಕ್ಕು, ವೀಕ್ಷಕರ ಕರೆ ತೆಗೆದುಕೊಂಡ.

“ಮೇಡಂ, ಕಂಪ್ಲಿಯಿಂದ ರೀ,” ಎಂದಿತು ಹೆಣ್ಣುದನಿ. “ನಮ್ಮ ವಾರ್ಡಿನ್ಯಾಗ ಬುಟ್ಟಿ ಹೊತ್ತು ವ್ಯಾಪಾರ ಮಾಡೋ ಒಬ್ಬಾಕಿ ಪಕ್ಷೇತರ ನಿಂತಾಳ್ರಿ. ಗೆಲ್ತಾಳೇನ್ರಿ?”

ಗಂಗಾಂಬಿಕಾ ಕನ್ನಡಕ ಸರಿಮಾಡಿಕೊಂಡಳು. “ನೋಡಿ, ಭಾವನೆ ಬೇರೆ, ಲೆಕ್ಕಾಚಾರ ಬೇರೆ. ಪಕ್ಷ ಇಲ್ಲ, ಜಾತಿಯ ಬಲ ಇಲ್ಲ, ಹಣ ಇಲ್ಲ. ಅಂಥವರು ಠೇವಣಿ ಉಳಿಸಿಕೊಂಡರೆ ಅದೇ ದೊಡ್ಡ ಗೆಲುವು.”

ಅತ್ತ ಕಡೆಯಿಂದ ಫೋನ್ ಕಟ್ಟಾಯಿತು.

ಮಂಗಳವಾರ ಬೆಳಿಗ್ಗೆ ಬಾಗಿಲಲ್ಲಿ ತಾಯಕ್ಕ ನಿಂತಿದ್ದಳು. ಜೊತೆಗೆ ಸೊಸೆ ಚಂದ್ರಕಲಾ, ಅವಳ ಕೈಯಲ್ಲಿ ಮೂಲೆಗಳೆಲ್ಲ ಮಡಚಿದ ‘ಒಂಬತ್ತು ಅಡಿ ದಾರಿ’.

“ಬರ್ರಿ ಬರ್ರಿ ತಾಯಕ್ಕ! ಎಷ್ಟು ವರ್ಷ ಆತು ನಿಮ್ಮನ್ನ ನೋಡಿ. ಕುಂದ್ರಿ,” ಎಂದು ಗಂಗಾಂಬಿಕಾ ಕುರ್ಚಿ ಎಳೆದಳು.

“ಕುಂದ್ರಾಕ ಬಂದಿಲ್ರಿ ವಕೀಲಮ್ಮ. ಒಂದು ಮಾತು ಕೇಳಾಕ ಬಂದೀನಿ. ಪುಸ್ತಕದಾಗ ನನ್ನ ಗೆಲ್ಲಿಸೀರಿ. ಟಿವ್ಯಾಗ ಸೋಲಿಸೀರಿ. ಎರಡರಾಗ ಯಾವುದು ಖರೇ?”

ಗಂಗಾಂಬಿಕಾಗೆ ಮಾತಿನ ತುದಿಬುಡ ತಿಳಿಯಲಿಲ್ಲ. ಚಂದ್ರಕಲಾ ಮೆಲ್ಲಗೆ, “ಭಾನುವಾರ ಫೋನ್ ಹಚ್ಚಿದಾಕಿ ನಾನೇ ರೀ ಮೇಡಂ. ಎಲೆಕ್ಷನ್ನಿಗೆ ನಿಂತಿರೋದು ನಮ್ಮ ಅತ್ತಿ,” ಎಂದಳು.

ಗಂಗಾಂಬಿಕಾಳ ಮುಖ ಕೆಂಪಾಯಿತು. ತಾಯಕ್ಕ ಸುಮ್ಮನೆ ಬಿಡುವವಳಲ್ಲ.

“ನನಗ ಓದಾಕ ಬರಂಗಿಲ್ಲ. ಈಕಿ ಎರಡು ತಿಂಗಳು ದಿನಾ ಮಧ್ಯಾಹ್ನ ಓದಿ ಹೇಳ್ಯಾಳ. ನೀಲವ್ವ ಅಂತ ಹೆಸರಿಟ್ರೇನಾತು, ಆಕಿ ನಾನ ಅಲ್ಲೇನು? ಕಡೀಗೆ ನೀಲವ್ವ ಎಲೆಕ್ಷನ್ನಿಗೆ ನಿಂತ್ಲು, ಗೆದ್ಲು. ಅದನ್ನ ಕೇಳಿದ ಮ್ಯಾಲೆ ನಾನೂ ನಿಂದ್ರಬೇಕು ಅನ್ನಿಸಿತು. ನಿಂತೆ. ಈಗ ನೀವೇ ಠೇವಣಿ ಹೋಗತೈತಿ ಅಂದ್ರ ಹೆಂಗ್ರಿ?”

“ತಾಯಕ್ಕ, ಪುಸ್ತಕದಾಗ ನನಗ ಬೇಕಾದ್ದು ಬರದೆ. ಟಿವ್ಯಾಗ ನನಗ ಗೊತ್ತಿದ್ದದ್ದು ಹೇಳ್ದೆ.”

“ಗೊತ್ತಿದ್ದದ್ದಾ? ನೀವು ಕಂಪ್ಲಿಗೆ ಬಂದು ಎಷ್ಟು ವರ್ಷ ಆತು?”

ಗಂಗಾಂಬಿಕಾ ಮನಸ್ಸಿನಲ್ಲೇ ಎಣಿಸಿದಳು. “ಏಳು.”

“ಗಿರಣಿಯವನ ಕಡೆ ಸಾಕ್ಷಿ ಬಂದಾಗ ಕೋರ್ಟಿನ್ಯಾಗ ನೀವೇನಂದ್ರಿ, ನೆನಪೈತೇನು? ‘ಜಾಗ ನೋಡದಾತ ಸಾಕ್ಷಿ ಹೇಳಾಕ ಬರಬಾರದು’ ಅಂದ್ರಿ. ಜಡ್ಜ್ ಸಾಹೇಬ್ರು ಹೌದು ಅಂತ ತಲಿ ಅಲ್ಲಾಡಿಸಿದ್ರು.”

ಒಳಬಾಗಿಲ ಹಿಂದಿನಿಂದ ಹಂಪೇಶನ ನಗು ಕೇಳಿತು. “ಗಂಗಾ, ಇಷ್ಟು ವರ್ಷಕ್ಕ ನಿನಗ ಪಾಟೀಸವಾಲು ಮಾಡೋರು ಸಿಕ್ಕರು ನೋಡು.”

ಗಂಗಾಂಬಿಕಾಗೂ ನಗು ತಡೆಯಲಾಗಲಿಲ್ಲ. “ನಾಳೆ ಬರ್ತೀನಿ ತಾಯಕ್ಕ. ಆದ್ರ ಪ್ರಚಾರಕ್ಕಲ್ಲ, ನೋಡಾಕ.”

“ನೋಡಾಕ ಬರ್ರಿ. ಪ್ರಚಾರ ಮಾಡಾಕ ನಾನು ಅದೀನಲ್ಲ,” ಎಂದ ತಾಯಕ್ಕ ಆಗ ಕೂತಳು. ಕೂತು, ಚಹಾ ಕುಡಿದೇ ಹೋದಳು.

ಮರುದಿನ ಗಂಗಾಂಬಿಕಾ ಕಾರು ಬಿಟ್ಟು ಬಸ್ಸು ಹತ್ತಿದಳು. ಕಮಲಾಪುರದಲ್ಲಿ ಹತ್ತಿ ಪಕ್ಕಕ್ಕೆ ಕೂತ ಹೆಂಗಸು ಆಕೆಯನ್ನು ದಿಟ್ಟಿಸಿ, “ನೀವು ಟಿವಿ ಮೇಡಂ ಅಲ್ಲೇನ್ರಿ? ಅವತ್ತು ಬೇಳಿ ಸೀದಿತ್ತೇನು ಮತ್ತ?” ಎಂದಳು. ಇಲ್ಲವೆಂದು ಒಪ್ಪಿಸುವಷ್ಟರಲ್ಲಿ ಬುಕ್ಕಸಾಗರದ ಗದ್ದೆಗಳು ದಾಟಿದ್ದವು.

ಕಂಪ್ಲಿಯ ಆ ವಾರ್ಡಿನಲ್ಲಿ ತಾಯಕ್ಕ ಮತ ಕೇಳುವ ಪರಿಯೇ ಬೇರೆಯಾಗಿತ್ತು. ಕರಪತ್ರವಿಲ್ಲ, ಧ್ವನಿವರ್ಧಕವಿಲ್ಲ. ಎಂದಿನಂತೆ ಬುಟ್ಟಿ ಹೊತ್ತು ಹೊರಟಳು, ಎಂದಿನಂತೆ ಪ್ರತಿ ಬಾಗಿಲಲ್ಲೂ ನಿಂತಳು. ಯಾರ ಮೊಮ್ಮಗಳಿಗೆ ಜ್ವರ ಬಿಟ್ಟಿತು, ಯಾರ ಮಗಳ ಬಾಣಂತನ ಮುಗಿಯಿತು, ಎಲ್ಲ ವಿಚಾರಿಸಿ, ಹಣ್ಣು ಮಾರಿ, ಹೊರಡುವಾಗ ಮಾತ್ರ, “ಹೊಲಿಗಿ ಮಷಿನ್ ಗುರುತು ನೋಡವಾ, ಮರೀಬ್ಯಾಡ,” ಎನ್ನುತ್ತಿದ್ದಳು. ಮೂವತ್ತು ವರ್ಷ ತಿರುಗಿದ ಓಣಿಗಳು. ಅಲ್ಲಿ ಅವಳಿಗೆ ಗೊತ್ತಿಲ್ಲದ ಬಾಗಿಲಿರಲಿಲ್ಲ.

ನಾಲ್ಕನೇ ಓಣಿಯಲ್ಲಿ ಜಗಳ ಹತ್ತಿತು. ಭರಮಮ್ಮ ಎಂಬ ಮುದುಕಿ ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತಿದ್ದಳು.

“ಡಜನ್ನಿಗೆ ಒಂದು ಹಣ್ಣು ಕೊಸರು ಕೊಡ್ತಿದ್ಯಲ್ಲ, ಈಗ ಯಾಕ ಕೊಡವಲ್ಲಿ? ಇನ್ನಾ ಗೆದ್ದಿಲ್ಲ, ಆಗಲೇ ಸೊಕ್ಕು ಬಂತೇನು?”

“ಸೊಕ್ಕಲ್ಲ ಯವ್ವಾ! ಪುಕ್ಕಟೆ ಏನೂ ಕೊಡಬಾರದಂತ ಎಲೆಕ್ಷನ್ನಿನ ಸಾಹೇಬ್ರು ಹೇಳ್ಯಾರ. ಬೇಕಾದ್ರ ಈ ವಕೀಲಮ್ಮನ್ನ ಕೇಳು.”

ಓಣಿಯ ಹೆಂಗಸರೆಲ್ಲ ಗಂಗಾಂಬಿಕಾಳತ್ತ ತಿರುಗಿದರು. ಎಷ್ಟೋ ದಾವೆಗಳಲ್ಲಿ ವಾದಿಸಿದ ಆಕೆಗೆ ಇಷ್ಟು ಗಂಭೀರವಾದ ಸಭೆ ಎದುರಾಗಿರಲಿಲ್ಲ. “ಮತ ಹಾಕಲಿ ಅಂತ ಕೊಟ್ಟರ ಲಂಚ,” ಎಂದು ಆಕೆ ನಿಧಾನವಾಗಿ ಹೇಳಿದಳು. “ಯಾವಾಗಲೂ ಕೊಡೋದನ್ನ ಕೊಟ್ಟರ ವ್ಯಾಪಾರ. ಆದ್ರೂ ಮತದಾನ ಮುಗಿಯೋತನಕ ಬ್ಯಾಡ. ಮಂದಿ ಬಾಯಿಗೆ ಯಾಕ ಸಿಗಬೇಕು?”

ಭರಮಮ್ಮ ಗೊಣಗುತ್ತಲೇ ಒಪ್ಪಿದಳು. “ಆತು, ಬಾಕಿ ಬರ್ಕೊಳ್ರಿ. ನಾಕು ಹಣ್ಣು ಬರಬೇಕು ನನಗ.”

ಕಟ್ಟೆಯ ಮೇಲೆ ಕೂತ ಮುದುಕಪ್ಪ ಎಂಬ ಅಜ್ಜನ ಶರ್ಟಿಗೆ ದೊಡ್ಡ ಪಕ್ಷವೊಂದರ ಬಿಲ್ಲೆ ಇತ್ತು. ಗಂಗಾಂಬಿಕಾ ಅವನ ಬಳಿ ಹೋಗಿ, “ನಿಮ್ಮ ವೋಟು ಗೊತ್ತಾತು ಬಿಡ್ರಿ,” ಎಂದಳು.

“ಏನು ಗೊತ್ತಾತ್ರಿ?” ಮುದುಕ ಬಿಲ್ಲೆ ಮುಟ್ಟಿ ನೋಡಿಕೊಂಡ. “ನಲವತ್ತು ವರ್ಷದಿಂದ ಈ ಪಕ್ಷದಾವ ನಾನು. ಆದ್ರ ನನ್ನ ಹೆಣ್ತಿ ಸತ್ತಾಗ ಹನ್ನೊಂದು ದಿನ ಮನೀಗೆ ರೊಟ್ಟಿ ಕಳಿಸಿದ್ದು ಪಕ್ಷ ಅಲ್ರಿ. ತಾಯಕ್ಕ.”

ಗಂಗಾಂಬಿಕಾ ಚೀಲದಲ್ಲಿ ಒಂದು ಡೈರಿ ತಂದಿದ್ದಳು. ಅದರಲ್ಲಿ ಆ ವಾರ್ಡಿನ ಮತಗಳನ್ನು ಜಾತಿವಾರು, ಪಕ್ಷವಾರು ಬಿಡಿಸಿ ಬರೆದಿದ್ದಳು. ಮುದುಕಪ್ಪನನ್ನು ಯಾವ ಸಾಲಿನಲ್ಲಿ ಬರೆಯಬೇಕೆಂದು ನೋಡಿದಳು. ಅವನಿಗೊಂದು ಸಾಲೇ ಇರಲಿಲ್ಲ. ಡೈರಿ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ನಾಚಿಕೆಯಾಯಿತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಎಷ್ಟೋ ದಿನಗಳ ಮೇಲೆ ಹೊಸದೊಂದು ಕಲಿತ ಖುಷಿ ಆಕೆಯನ್ನು ಸಂಜೆಯತನಕ ನಡೆಸಿತು. ಕಾಲು ಬಾತು, ಚಪ್ಪಲಿ ಕೈಯಲ್ಲಿ ಹಿಡಿದು ಬಸ್ಸು ಹತ್ತಿದಳು.

ಮುಂದಿನ ಭಾನುವಾರ ನಿರೂಪಕ ಹುರುಪಿನಿಂದ ಕೇಳಿದ: “ಮೇಡಂ, ಹೋದ ವಾರದ ಕಂಪ್ಲಿ ವಾರ್ಡಿನ ಮಾತು ತುಂಬ ಚರ್ಚೆಯಾಗಿದೆ. ಕೊನೆಯ ಮಾತು ಹೇಳಿ. ಗೆಲುವೋ, ಸೋಲೋ?”

“ಗೊತ್ತಿಲ್ಲ,” ಎಂದಳು ಗಂಗಾಂಬಿಕಾ.

ಆ ಕಾರ್ಯಕ್ರಮದಲ್ಲಿ ಆ ಪದವನ್ನು ಅದುವರೆಗೆ ಯಾರೂ ಆಡಿರಲಿಲ್ಲ. ನಿರೂಪಕ ತಬ್ಬಿಬ್ಬಾದ. “ಒಂದು ಅಂದಾಜಾದರೂ?”

“ಹೋದ ವಾರ ಅಂದಾಜು ಹೇಳಿ ತಪ್ಪು ಮಾಡಿದೆ. ಆ ಊರಿಗೆ ಹೋಗದೆ ಹೇಳಿದೆ. ಈಗ ಹೋಗಿ ಬಂದಿದ್ದೇನೆ, ಅದಕ್ಕೇ ಗೊತ್ತಿಲ್ಲ ಅನ್ನುತ್ತಿದ್ದೇನೆ. ಆ ಅಭ್ಯರ್ಥಿ ನನ್ನ ಹಳೆಯ ಕಕ್ಷಿದಾರಳು, ಅದನ್ನೂ ಹೇಳಿಬಿಡುತ್ತೇನೆ.”

ಚರ್ಚೆಗೆ ಬಂದಿದ್ದ ಪಕ್ಷದ ವಕ್ತಾರನೊಬ್ಬ ಗಹಗಹಿಸಿದ. “ಕಾದಂಬರಿ ಬರೆಯುವವರನ್ನು ಕರೆದರೆ ಹೀಗೇ ಆಗೋದು!”

“ಹೌದು ಸರ್, ಕಾದಂಬರಿಯವಳೇ,” ಎಂದು ಗಂಗಾಂಬಿಕಾಳೂ ನಕ್ಕಳು. “ವಕೀಲೆಯೂ ಹೌದು. ಜಾಗ ನೋಡದ ಸಾಕ್ಷಿಯ ಮಾತನ್ನು ಕಡತದಿಂದ ತೆಗೆಯಿರಿ ಎಂದು ನಾನೇ ಕೇಳಿಕೊಳ್ಳುತ್ತಿದ್ದೇನೆ.”

ಎಣಿಕೆಯ ದಿನ ವಾಹಿನಿಯವರು ಬೆಂಗಳೂರಿಗೇ ಬರಲು ಕರೆದರು. ಗಂಗಾಂಬಿಕಾ ಒಲ್ಲೆನೆಂದು ಹಂಪೇಶನ ಸ್ಕೂಟರಿನ ಹಿಂದೆ ಕೂತು ಕಂಪ್ಲಿಗೆ ಬಂದಳು. ಎಣಿಕೆ ನಡೆದಿದ್ದ ಕಾಲೇಜಿನ ಗೇಟಿನ ಹೊರಗೆ, ಬೇವಿನ ಮರದ ಕೆಳಗೆ, ತಾಯಕ್ಕನ ಓಣಿಯ ಹೆಂಗಸರ ಜೊತೆ ನಿಂತಳು. ಹತ್ತೂವರೆಗೆ ಏಜೆಂಟಳಾಗಿ ಒಳಗಿದ್ದ ಚಂದ್ರಕಲಾ ಓಡಿ ಬಂದಳು. ಸೆರಗು ಒಂದು ಕಡೆ, ಉಸಿರು ಒಂದು ಕಡೆ.

“ಅತ್ತೀ, ಹದಿನಾಲ್ಕು! ಹದಿನಾಲ್ಕು ವೋಟಿಗೆ ಗೆದ್ವಿ!”

ಓಣಿಗೆ ಓಣಿಯೇ ಕೂಗಿಕೊಂಡಿತು. ತಾಯಕ್ಕ ಮಾತ್ರ ಅಲ್ಲಾಡದೆ ನಿಂತಿದ್ದಳು. ಬೆರಳು ಮಡಚಿ ಏನೋ ನೋಡಿಕೊಂಡು, “ಹದಿನಾಲ್ಕು ಅಂದ್ರ ಎಷ್ಟು ಮನಿ?” ಎಂದಳು.

“ಮೂರ್ನಾಕು ಮನಿ ಅತ್ತಿ.”

“ಮೂರ್ನಾಕು ಮನಿಯಾ?” ಎಂದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗತೊಡಗಿದಳು. ನಗುತ್ತ ನಗುತ್ತ ಕಣ್ಣೀರು ಬಂತು. ಗಂಗಾಂಬಿಕಾ ಅವಳನ್ನು ತಬ್ಬಿಕೊಂಡಳು. ಯಾರೋ ಇಬ್ಬರ ತಲೆಯ ಮೇಲೂ ಗುಲಾಲು ಸುರಿದರು. ಹಲಗೆ ಬಾರಿಸುವವರು ಬಂದರು. ಮುದುಕಪ್ಪ ಹಂಪೇಶನ ಕೈ ಹಿಡಿದು ಎರಡು ಹೆಜ್ಜೆ ಕುಣಿಸಿಯೇಬಿಟ್ಟ.

ಅಷ್ಟರಲ್ಲಿ ಸ್ಟುಡಿಯೋದಿಂದ ಫೋನು. ಗಂಗಾಂಬಿಕಾ ಕಿವಿಗೆ ಬೆರಳಿಟ್ಟುಕೊಂಡು, “ಹೌದು, ನಾನು ಸೋತೆ! ಭಾಳ ಚಲೋ ಸೋತೆ!” ಎಂದು ಟಿವಿಯ ಭಾಷೆ ಮರೆತು ಕೂಗಿದಳು. ಮುಂದಿನ ಮಾತಿಗೆ ಮೊದಲೇ ತಾಯಕ್ಕ ಫೋನು ಕಸಿದುಕೊಂಡಳು.

“ಅಮ್ಮಾ, ನಿಮ್ಮ ಗೆಲುವಿನ ಗುಟ್ಟೇನು?” ಎಂದು ನಿರೂಪಕ ಕೇಳಿದ.

“ಗುಟ್ಟು ಎಲ್ಲೈತ್ರಿ? ಓಣಿಯಾಗ ಎಲ್ಲಾರಿಗೂ ಗೊತ್ತಿತ್ತು. ನಿಮಗೊಬ್ಬರಿಗೇ ಗೊತ್ತಿದ್ದಿಲ್ಲ,” ಎಂದು ತಾಯಕ್ಕ ಫೋನು ವಾಪಸು ಕೊಟ್ಟಳು.

ಮಧ್ಯಾಹ್ನ ತಾಯಕ್ಕನ ಮನೆಯಲ್ಲಿ ರೊಟ್ಟಿ, ಎಣ್ಣೆಗಾಯಿ ಉಂಡು ಗಂಗಾಂಬಿಕಾ ಏಳಬೇಕೆನ್ನುವಷ್ಟರಲ್ಲಿ ಬಾಗಿಲಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರು. ಗೆದ್ದು ನಾಲ್ಕು ತಾಸೂ ಆಗಿರಲಿಲ್ಲ. ತಾಯಕ್ಕ ಕೊರಳ ಹಾರವನ್ನೂ ತೆಗೆಯದೆ ಹೊಸ್ತಿಲ ಬಳಿ ಕೂತು, “ವಕೀಲಮ್ಮ, ನೀವು ಬರ್ಕೊಳ್ರಿ. ಒಬ್ಬೊಬ್ಬರೇ ಹೇಳ್ರವ್ವಾ,” ಎಂದಳು.

ಮೊದಲು ಶಾಂತಕ್ಕ ಬಂದಳು. ಹೊಳೆಯ ಮೆಟ್ಟಿಲಿನ ಸಂಕಟ ಹೇಳಿಕೊಂಡಳು. ಗಂಗಾಂಬಿಕಾ ಡೈರಿಯ ಹೊಸ ಹಾಳೆ ತಿರುವಿ ಬರೆದಳು.

“ಏನು ಬರದ್ರಿ, ಓದ್ರಿ.”

“‘ಸಾರ್ವಜನಿಕ ಸ್ನಾನಘಟ್ಟದ ಮೆಟ್ಟಿಲುಗಳ ದುರಸ್ತಿ ಕುರಿತು.’”

“ಆಕಿ ಹಂಗ ಅಂದ್ಲೇನು?” ತಾಯಕ್ಕ ಹುಬ್ಬೇರಿಸಿದಳು. “‘ಮೂರನೇ ಕಲ್ಲು ಅಲ್ಲಾಡತೈತಿ, ಬಿಂದಿಗಿ ಹೊತ್ಕೊಂಡು ಜಾರತೀನಿ’ ಅಂದ್ಲು. ಆಕಿ ಅಂದದ್ದನ್ನ ಬರೀರಿ.”

ಇಪ್ಪತ್ತೊಂದು ಮುದ್ರಣ ಕಂಡ ಲೇಖಕಿ ತಾನು ಬರೆದ ಸಾಲನ್ನು ಹೊಡೆದುಹಾಕಿದಳು. ಗುಲಾಲಿನ ಕೈಯಿಂದ ಹಾಳೆಗೆಲ್ಲ ಬಣ್ಣವಾಯಿತು. ಅಂಗಳದಲ್ಲಿ ಸಾಲು ಇನ್ನೂ ಉದ್ದವಾಗುತ್ತಿತ್ತು. ಹಂಪೇಶ್ ಎಲ್ಲರಿಗೂ ಚಹಾ ಹೇಳಿಬರಲು ಹೋದ. ಗಂಗಾಂಬಿಕಾ ಕಾಲು ಮಡಚಿ ಗೋಡೆಗೆ ಆನಿಕೊಂಡು ಕೂತು, “ಹೂಂ, ಮುಂದಿನವರು ಹೇಳ್ರಿ,” ಎಂದಳು.